ತಂತಿರಾಯರೂ ತಿರುಗುವ ಚಕ್ರವೂ

ಅಳತೆ-ತೂಕದ ಕಚೇರಿಯಲ್ಲಿ ಬೆಳಗಿನ ಕೆಲಸ ಶುರುವಾಯಿತು ಎಂದರೆ ಎಲ್ಲರೂ ಕೈಕಟ್ಟಿ ಕೂತರು ಎಂದೇ ಅರ್ಥ. ಕುರ್ಚಿ ಎಳೆದುಕೊಂಡು, ಕನ್ನಡಕ ಒರೆಸಿಕೊಂಡು, ಹೆಸರು ಮತ್ತು ಪಾಸ್‌ವರ್ಡು ಒತ್ತಿದರೆ ಸಾಕು, ಪರದೆಯ ನಡುವೆ ಒಂದು ಪುಟ್ಟ ಚಕ್ರ ಪ್ರತ್ಯಕ್ಷವಾಗಿ ತಿರುಗತೊಡಗುತ್ತಿತ್ತು. ಅದರ ಕೆಳಗೆ ‘ನಿಮ್ಮನ್ನು ಗುರುತಿಸಲಾಗುತ್ತಿದೆ, ದಯವಿಟ್ಟು ಕಾಯಿರಿ’ ಎಂಬ ವಿನಯದ ಸಾಲು. ಒಂದೇ ಕುರ್ಚಿಯಲ್ಲಿ ಅರ್ಧ ಆಯುಷ್ಯ ಕೂತು ಕುರ್ಚಿಗೇ ತಮ್ಮ ಆಕಾರ ಬರಿಸಿದ್ದ ಮಹನೀಯರನ್ನು ಗುರುತಿಸಲು ಯಂತ್ರ ಇಷ್ಟು ತಿಣುಕುವುದನ್ನು ಕಂಡು ಮೊದಮೊದಲು ಎಲ್ಲರಿಗೂ ಅವಮಾನವಾಯಿತು. ಆಮೇಲೆ ಅಭ್ಯಾಸವಾಯಿತು. ಒಬ್ಬರು ಉಗುರು ಕತ್ತರಿಸಿಕೊಂಡರು. ಇನ್ನೊಬ್ಬರು ಕಿಟಕಿಯ ಪಾರಿವಾಳಗಳಿಗೆ ಹೆಸರಿಟ್ಟರು. ಲೆಕ್ಕಪತ್ರ ವಿಭಾಗದ ಮೇಡಂ ಮೇಜಿನ ಡ್ರಾಯರಿನಲ್ಲಿ ಉಣ್ಣೆಯ ಉಂಡೆ ತಂದಿಟ್ಟುಕೊಂಡು ಗಂಡನಿಗೆ ಸ್ವೆಟರ್ ಹೆಣೆಯಲು ಕೂತರು. ಅವರದು ಕಟ್ಟುನಿಟ್ಟು: ಚಕ್ರ ತಿರುಗುವಾಗ ಮಾತ್ರ ಕಡ್ಡಿ ಆಡಬೇಕು, ಪುಟ ತೆರೆದ ಕೂಡಲೇ ಡ್ರಾಯರು ಮುಚ್ಚಬೇಕು. ಇಷ್ಟು ಪ್ರಾಮಾಣಿಕವಾಗಿ ಹೆಣೆದೂ ಬೆನ್ನು, ಎದೆ, ಕೊರಳು ಮುಗಿದು ಬಲತೋಳು ಮಣಿಕಟ್ಟು ದಾಟುವ ಹಂತಕ್ಕೆ ಬಂದಿತ್ತು.

ಈ ಚಕ್ರವನ್ನು ನಿಲ್ಲಿಸಬೇಕಾಗಿದ್ದ ಮಹಾವೀರರೇ ತಂತಿರಾಯರು.

ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಅದು ಸಂಬಳದ ಚೀಟಿಯಲ್ಲಿ ಮಾತ್ರ ಬಳಕೆಯಲ್ಲಿತ್ತು. ಹೆಗಲ ಮೇಲೆ ಸದಾ ನೀಲಿ ಕೇಬಲ್ಲಿನ ಸುರುಳಿ ಹೊತ್ತು ತಿರುಗುತ್ತಿದ್ದರಿಂದ ಕಚೇರಿ ಅವರಿಗೆ ಈ ಬಿರುದು ಕೊಟ್ಟಿತು. ಅವರು ಕೆಲಸಕ್ಕೆ ಸೇರಿದ್ದೇನೋ ತಕ್ಕಡಿ ಪರೀಕ್ಷಕರ ಸಹಾಯಕನಾಗಿ. ಅಂಗಡಿಯ ತಕ್ಕಡಿಯಲ್ಲಿ ಕಚೇರಿಯ ಹಿತ್ತಾಳೆಯ ತೂಕದ ಬಟ್ಟು ಇಟ್ಟು, ಮುಳ್ಳು ನೆಟ್ಟಗೆ ನಿಂತಿತೇ ಎಂದು ನೋಡುವುದು, ನಿಲ್ಲದಿದ್ದರೆ ವ್ಯಾಪಾರಿಯ ಮುಖ ನೋಡುವುದು. ಹೀಗೆ ಸುಖವಾಗಿ ಹೊತ್ತು ಹೋಗುತ್ತಿದ್ದಾಗ ಒಂದು ದಿನ ನಿರ್ದೇಶಕರ ಪ್ರಿಂಟರು ಮೌನವ್ರತ ಹಿಡಿಯಿತು. ದೊಡ್ಡ ದೊಡ್ಡವರು ಬಂದು ಅದರ ಬೆನ್ನು ತಟ್ಟಿ ಹೋದರು. ಕೊನೆಗೆ ನಮ್ಮವರು ಬಗ್ಗಿ ಮೇಜಿನ ಕೆಳಗೆ ನುಸುಳಿ, ಕಳಚಿ ಬಿದ್ದಿದ್ದ ಪ್ಲಗ್ಗನ್ನು ಗೋಡೆಗೆ ಸಿಕ್ಕಿಸಿದರು. ಆ ಒಂದು ಪರಾಕ್ರಮಕ್ಕೆ ಇಡೀ ಕಟ್ಟಡದ ಕಂಪ್ಯೂಟರುಗಳು ಅವರ ಕೊರಳಿಗೆ ಬಿದ್ದವು. “ಇನ್ಮೇಲೆ ಇದೆಲ್ಲ ನೀವೇ ನೋಡ್ಕೊಳ್ಳಿ” ಎಂದರು ನಿರ್ದೇಶಕರು. “ಆಯ್ತು ಸಾರ್” ಎಂದರು ಇವರು. ಆಮೇಲೆ ಸಂಜೆ ತರಗತಿಗೆ ಸೇರಿ, ಮಗನ ವಯಸ್ಸಿನವರ ಪಕ್ಕ ಕೂತು ಓದಿ, ಪರೀಕ್ಷೆ ಪಾಸು ಮಾಡಿ ತಮ್ಮ ಮಾತು ಉಳಿಸಿಕೊಂಡರು.

‘ಆಯ್ತು ಸಾರ್’ ಎಂಬುದು ತಂತಿರಾಯರ ಜೀವನಚರಿತ್ರೆಯ ಸಾರಾಂಶ. ಇಲ್ಲ ಎನ್ನುವ ಶಬ್ದ ಅವರ ಬಾಯಿಗೆ ಒಗ್ಗಿರಲಿಲ್ಲ. ಹೊಲಿಗೆ ಅಂಗಡಿ ನಡೆಸುವ ಅವರ ಹೆಂಡತಿ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಗಿರಾಕಿಗಳಿಗೆಲ್ಲ ಹೇಳುತ್ತಿದ್ದಳು: “ನಮ್ಮಪ್ಪ ‘ನನ್ನ ಮಗಳನ್ನ ಮದುವೆ ಆಗ್ತೀಯೇನಪ್ಪಾ’ ಅಂತ ಕೇಳಿದ್ರೆ, ‘ಆಯ್ತು ಸಾರ್’ ಅಂದೋರು ಇವರು. ನನಗಂತೂ ಮದುವೆ ಆಗಿದ್ದೋ, ಅರ್ಜಿ ಮಂಜೂರಾಗಿದ್ದೋ ಇವತ್ತಿಗೂ ಗೊತ್ತಿಲ್ಲ.”

ರಾಯರ ಸಾಮ್ರಾಜ್ಯ ಕಚೇರಿಯ ನೆಲಮಾಳಿಗೆಯ ಒಂದು ಕೋಣೆ. ಹಿಂದೆ ಅದು ದೊಡ್ಡ ತಕ್ಕಡಿಯ ಕೋಣೆಯಾಗಿತ್ತು. ಕಿಟಕಿಯಿಲ್ಲ, ಧೂಳಿಲ್ಲ, ಸದಾ ತಂಪು. ಸರ್ವರುಗಳಿಗೆ ಹೇಳಿ ಮಾಡಿಸಿದಂತಿತ್ತು. ಮೂಟೆ ತೂಗುವ ಹಳೇ ತಕ್ಕಡಿಯನ್ನು ಮಾತ್ರ ನೆಲದಿಂದ ಕೀಳಲಾಗಲಿಲ್ಲ. ಬೇರೆ ಜಾಗವಿಲ್ಲದ್ದರಿಂದ ರಾಯರ ಕುರ್ಚಿ ಅದರ ಹಲಗೆಯ ಮೇಲೆಯೇ ಇತ್ತು. ಹೀಗಾಗಿ ಅವರು ಕೂತಾಗಲೆಲ್ಲ ಬೆನ್ನ ಹಿಂದಿನ ದೊಡ್ಡ ಮುಖಬಿಲ್ಲೆಯಲ್ಲಿ ಅವರ ತೂಕ, ಕುರ್ಚಿ ಸಮೇತ, ಬಂದವರಿಗೆಲ್ಲ ಕಾಣುತ್ತಿತ್ತು. ಊಟದ ಡಬ್ಬಿ ಖಾಲಿಯಾದದ್ದೂ ಮುಳ್ಳಿನಲ್ಲಿ ಗೊತ್ತಾಗುತ್ತಿತ್ತು ಎಂದು ಹೇಳುವವರಿದ್ದರು, ಅದು ಉತ್ಪ್ರೇಕ್ಷೆ.

ಅಲ್ಲಿದ್ದ ಸರ್ವರುಗಳಲ್ಲಿ ಎರಡು ನಮ್ಮ ಕಥೆಗೆ ಬೇಕು. ಒಂದು ಪ್ರಾಕ್ಸಿ ಸರ್ವರ್. ಕಚೇರಿಯಿಂದ ಹೊರಗಿನ ಇಂಟರ್ನೆಟ್ಟಿಗೆ ಹೋಗುವವರೆಲ್ಲ ಇದರ ಬಾಗಿಲಲ್ಲೇ ಹಾಯಬೇಕು. ಇದು ಪ್ರತಿಯೊಬ್ಬರನ್ನೂ ತಡೆದು ‘ಯಾರು ನೀನು?’ ಎಂದು ಕೇಳುತ್ತದೆ. ಎರಡನೆಯದು ಎಲ್ಲರ ಹೆಸರು, ಪಾಸ್‌ವರ್ಡು, ಯಾರು ಯಾವ ಗುಂಪಿನವರು ಎಂಬುದನ್ನು ನೆನಪಿಟ್ಟುಕೊಂಡಿರುವ ಇನ್ನೊಂದು ಸರ್ವರ್. ಬಾಗಿಲಿನ ಯಂತ್ರ ಈ ನೆನಪಿನ ಯಂತ್ರವನ್ನು ಕೇಳುತ್ತದೆ, ಅದು ಹೌದೆಂದರೆ ಒಳಗೆ ಬಿಡುತ್ತದೆ. ಒಂದು ಪುಟದಲ್ಲಿ ಹತ್ತಾರು ಚಿತ್ರಗಳಿದ್ದರೆ ಹತ್ತಾರು ಸಲ ಹೊಸದಾಗಿ ಕೇಳುತ್ತದೆ, ಮರೆವಿನ ಅಜ್ಜನ ಹಾಗೆ.

ಗುಂಪು ಯಾಕೆ ಬಂತು ಎಂದರೆ ಅದು ನಿರ್ದೇಶಕರ ಕೊಡುಗೆ. ಅವರಿಗೆ ಸಮಿತಿಗಳೆಂದರೆ ಪ್ರಾಣ. ಕಚೇರಿಯಲ್ಲಿ ಏನೇ ತೊಂದರೆ ಬಂದರೂ ಸಂಜೆಯೊಳಗೆ ಅದಕ್ಕೊಂದು ಸಮಿತಿ, ಅದಕ್ಕೆ ಅವರೇ ಅಧ್ಯಕ್ಷರು. ತೊಂದರೆ ಕಾಲಕ್ರಮೇಣ ಹೋಗಿಬಿಡುತ್ತಿತ್ತು, ಸಮಿತಿ ಮಾತ್ರ ಹೋಗುತ್ತಿರಲಿಲ್ಲ. ಒಮ್ಮೆ ನಿವೃತ್ತ ನೌಕರರೊಬ್ಬರು ತೀರಿಕೊಂಡರೆಂದು ಸಂತಾಪ ಸಭೆ ನಡೆಸಿದಾಗ ಅವರೇ ಬಂದು ಹಿಂದಿನ ಸಾಲಿನಲ್ಲಿ ಕೂತು, ತಮ್ಮ ಬಗ್ಗೆ ಒಳ್ಳೆಯ ಮಾತುಗಳನ್ನು ಕೇಳಿ ಕಣ್ಣೊರೆಸಿಕೊಂಡಿದ್ದರು. ಅಂಥ ಪ್ರಮಾದ ಮರುಕಳಿಸದಿರಲೆಂದು ಸಂತಾಪ ಸಮಿತಿ ಹುಟ್ಟಿತು. ಪತ್ರಿಕೆಗಳಲ್ಲಿ ಸುದ್ದಿ ಖಚಿತಪಡಿಸಿಕೊಳ್ಳಲು ಆ ಸಮಿತಿಯವರಿಗೆ ಮಾತ್ರ ಪತ್ರಿಕೆಗಳ ಪುಟ ತೆರೆಯುವ ಅನುಮತಿ ಬಂತು. ಪ್ರವಾಸ ಸಮಿತಿಗೆ ರೈಲಿನ ಟಿಕೇಟಿನ ಪುಟ, ಬೀಳ್ಕೊಡುಗೆ ಸಮಿತಿಗೆ ಉಡುಗೊರೆ ಅಂಗಡಿಗಳ ಪುಟ, ಕ್ರೀಡಾ ಸಮಿತಿಗೆ ಆಟದ ಸ್ಕೋರು. ಇಷ್ಟೂ ಸಮಿತಿಗಳು ಒಂದಕ್ಕೊಂದು ಡಿಕ್ಕಿ ಹೊಡೆಯದಂತೆ ಮೇಲೊಂದು ಸಮನ್ವಯ ಸಮಿತಿ.

“ರಾಯರೇ, ಕಲ್ಯಾಣ ಸಮಿತಿಯವರೆಲ್ಲ ಸಂತಾಪ ಸಮಿತಿಲೂ ಇರಲಿ” ಎನ್ನುತ್ತಿದ್ದರು ನಿರ್ದೇಶಕರು. “ಆಯ್ತು ಸಾರ್.” ಒಬ್ಬೊಬ್ಬರ ಹೆಸರನ್ನೇ ಸೇರಿಸುತ್ತ ಕೂರುವ ಬದಲು ರಾಯರು ಕಲ್ಯಾಣ ಸಮಿತಿಯನ್ನೇ ಇಡಿಯಾಗಿ ಎತ್ತಿ ಸಂತಾಪದ ಒಳಗೆ ಇಟ್ಟುಬಿಡುತ್ತಿದ್ದರು, ಡಬ್ಬಿಯೊಳಗೆ ಡಬ್ಬಿ ಇಟ್ಟಂತೆ. ಇನ್ನೊಂದು ದಿನ ಬೀಳ್ಕೊಡುಗೆ ಸಮಿತಿ ಕಲ್ಯಾಣದೊಳಗೆ ಹೋಯಿತು. ಮತ್ತೊಂದು ದಿನ “ಸಂತಾಪನೂ ಒಂಥರಾ ಬೀಳ್ಕೊಡುಗೇನೇ ಅಲ್ವಾ?” ಎಂಬ ತತ್ತ್ವ ಹೊಳೆದು ಸಂತಾಪ ಸಮಿತಿ ಬೀಳ್ಕೊಡುಗೆಯೊಳಗೆ ಹೋಯಿತು. ಡಬ್ಬಿಗಳ ಈ ಸಂಸಾರದಲ್ಲಿ ಯಾವುದು ಯಾವುದರ ಹೊಟ್ಟೆಯಲ್ಲಿದೆ ಎಂದು ಯಾರೂ ಕೇಳಲಿಲ್ಲ. ರಾಯರನ್ನು ಮಾತ್ರ ಯಾರೂ ಯಾವ ಸಮಿತಿಗೂ ಸೇರಿಸಲಿಲ್ಲ. ಬಡಗಿಯನ್ನು ಅವನು ಮಾಡಿದ ಕುರ್ಚಿಯ ಮೇಲೆ ಕೂರಲು ಯಾರು ಕರೆಯುತ್ತಾರೆ?

ಇತ್ತ ಚಕ್ರ ದಿನೇ ದಿನೇ ನಿಧಾನವಾಯಿತು. ತಂತಿರಾಯರು ಸುಮ್ಮನೆ ಕೂತವರಲ್ಲ. ಕೇಬಲ್ಲುಗಳನ್ನೆಲ್ಲ ಬದಲಾಯಿಸಿದರು. ಪ್ರಾಕ್ಸಿಯ ಫ್ಯಾನು ಬಿಚ್ಚಿ ಒರೆಸಿದರು. ಹೊಸ ಮೆಮೊರಿ ತುಂಬಿದರು. ಎರಡೂ ಸರ್ವರುಗಳ ಗಡಿಯಾರ ಹೊಂದದಿದ್ದರೆ ಗುರುತು ಹಿಡಿಯುವುದು ಕಷ್ಟವೆಂದು ಓದಿದ್ದರಿಂದ ಅದನ್ನೂ ನೋಡಿದರು, ಗಂಡಹೆಂಡಿರಿಗಿಂತ ಚೆನ್ನಾಗಿ ಹೊಂದಿದ್ದವು. ಸ್ವಿಚ್ಚು ಆರಿಸಿ ಹಚ್ಚಿದರು, ಹಚ್ಚಿ ಆರಿಸಿದರು. ಆಮೇಲೆ ತಮ್ಮ ಕಂಪ್ಯೂಟರಿನಲ್ಲಿ ಪರೀಕ್ಷಿಸಿದರೆ ಪುಟ ಚಂಗನೆ ತೆರೆಯಿತು.

“ನನ್ನ ಹತ್ರ ಚೆನ್ನಾಗೇ ಬರ್ತಿದೆಯಲ್ಲ ಮೇಡಂ?” ಎಂದರು ಲೆಕ್ಕಪತ್ರದ ಮೇಡಂಗೆ ಫೋನು ಮಾಡಿ.

“ನಿಮ್ಮ ಹತ್ರ ಬಂದ್ರೆ ನನ್ನ ಹೊಟ್ಟೆ ತುಂಬುತ್ತಾ ರಾಯರೇ? ಇಲ್ಲಿ ಬಲತೋಳು ಮುಗಿಯೋಕೆ ಬಂತು!”

ರಾಯರು ಮಹಡಿ ಹತ್ತಿ ಹೋಗಿ, ಮೇಡಂರ ಕುರ್ಚಿಯಲ್ಲಿ ಕೂತು, ಅಭ್ಯಾಸಬಲದಿಂದ ತಮ್ಮದೇ ಹೆಸರು, ತಮ್ಮದೇ ಪಾಸ್‌ವರ್ಡು ಒತ್ತಿ ನೋಡಿದರು. ಚಂಗನೆ ಬಂತು. ಅವರು ಬಾಗಿಲು ದಾಟುವಷ್ಟರಲ್ಲಿ ಮೇಡಂ ತಮ್ಮ ಹೆಸರು ಒತ್ತಿದರು, ಚಕ್ರ ಹಾಜರು. ಹೀಗೆ ಪ್ರತಿ ಮೇಜಿನಲ್ಲೂ ಆಗಿ, ಕಚೇರಿಯಲ್ಲಿ ಒಂದು ಐತಿಹ್ಯವೇ ಬೆಳೆಯಿತು: ರಾಯರ ನೆರಳು ಬಿದ್ದರೆ ಯಂತ್ರ ಬೆವರುತ್ತದೆ, ಬೆನ್ನು ಕಂಡರೆ ಮತ್ತೆ ಮಲಗುತ್ತದೆ. ತುರ್ತು ಕೆಲಸವಿದ್ದವರು “ಸ್ವಲ್ಪ ಬಂದು ಇಲ್ಲಿ ನಿಂತ್ಕೊಳ್ಳಿ ರಾಯರೇ” ಎಂದು ಅವರನ್ನು ಕರೆಸಿಕೊಳ್ಳತೊಡಗಿದರು. ಬರಿದೇ ನಿಂತದ್ದರಿಂದ ಏನೂ ಆಗುತ್ತಿರಲಿಲ್ಲ, ಆದರೂ “ಆಯ್ತು” ಎಂದು ಹೋಗಿ ನಿಲ್ಲುತ್ತಿದ್ದರು.

ಬೆಂಕಿ ಹತ್ತಿಕೊಂಡದ್ದು ಗೇಟಿನಲ್ಲಿ. ಬರುವವರ ಫೋಟೊ ತೆಗೆಯಲೆಂದು ಕಾವಲುಗಾರನ ಗೂಡಿನಲ್ಲೂ ಒಂದು ಕಂಪ್ಯೂಟರಿತ್ತು. ಒಂದು ಬೆಳಿಗ್ಗೆ ನಿರ್ದೇಶಕರು ಕಾರಿನಿಂದಿಳಿದಾಗ ಕಾವಲುಗಾರ ಪರದೆ ನೋಡುತ್ತ ಕೂತಿದ್ದ.

“ಏನಯ್ಯಾ ಅದು?”

“ಹವಾಮಾನ ಸಾರ್. ಮಧ್ಯಾಹ್ನ ಜೋರು ಮಳೆ ಅಂತೆ. ಕೊಡೆ ತಂದಿದ್ದೀರಾ?”

ನಿರ್ದೇಶಕರು ಮೇಲೆ ಹೋಗಿ ಅದೇ ಪುಟ ತೆರೆಯಲು ಒತ್ತಿದರು. ಚಕ್ರ ತಿರುಗಿತು. ಫೈಲುಗಳಿಗೆ ಸಹಿ ಮಾಡಿದರು, ಚಕ್ರ ತಿರುಗಿತು. ಊಟ ಮುಗಿಸಿ ಬಂದರು, ‘ಕಾಯಿರಿ’ ಎನ್ನುತ್ತಿತ್ತು, ಮತ್ತೆ ಒತ್ತಿದರು. ಹೊರಗೆ ಗುಡುಗಿತು, ತೆರೆದ ಕಿಟಕಿಯಿಂದ ಮಳೆ ನುಗ್ಗಿ ಸಹಿ ಮಾಡಿದ ಫೈಲುಗಳನ್ನೆಲ್ಲ ತೋಯಿಸಿತು, ನಿಂತಿತು, ಬಿಸಿಲು ಬಂತು. ಆಗ ಪುಟ ತೆರೆದುಕೊಂಡು ‘ಇಂದು ಮಳೆಯ ಸಂಭವವಿದೆ’ ಎಂದು ಎಚ್ಚರಿಕೆ ಕೊಟ್ಟಿತು.

ತಂತಿರಾಯರನ್ನು ಕರೆಸಲಾಯಿತು.

“ಗೇಟಿನವನಿಗೆ ಒಂದು ನಿಮಿಷದಲ್ಲಿ ಬರೋ ಮಳೆ ನನಗೆ ಮಧ್ಯಾಹ್ನ ದಾಟಿದ್ರೂ ಬರಲ್ವಲ್ಲ, ಯಾಕ್ರೀ? ಅವನು ದಿನಾ ನಿಮಗೆ ಚಹಾ ಕುಡಿಸ್ತಾನಾ?”

“ಇಲ್ಲ… ಅಂದ್ರೆ ಒಂದ್ಸಲ ಕುಡ್ಸಿದ್ದ ಸಾರ್.”

“ನೋಡಿದ್ರಾ! ಕೇಳಿ ಇಲ್ಲಿ. ಸೋಮವಾರ ಹೊರಗಿನ ಕಂಪನಿಯವರು ಬಂದು ಅವರ ಕೆಲಸ ತೋರಿಸ್ತಾರೆ. ಅಷ್ಟರೊಳಗೆ ನೀವು ಸರಿ ಮಾಡಿದ್ರೆ ಸರಿ. ಇಲ್ದಿದ್ರೆ ನೆಟ್‌ವರ್ಕು ಅವರಿಗೆ, ಜಪ್ತಿ ಕೋಣೆ ನಿಮಗೆ.”

ಜಪ್ತಿ ಕೋಣೆ ಎಂದರೆ ಹಿತ್ತಲಿನ ಶೆಡ್ಡು. ಮೋಸದ ವ್ಯಾಪಾರಿಗಳಿಂದ ಕಿತ್ತುಕೊಂಡ ತಕ್ಕಡಿಗಳೆಲ್ಲ ಅಲ್ಲಿ ತುಕ್ಕು ಹಿಡಿಯುತ್ತ ಬಿದ್ದಿದ್ದವು: ತಟ್ಟೆಯಡಿ ಅಯಸ್ಕಾಂತ ಅಂಟಿಸಿದವು, ಒಳಗೆ ಟೊಳ್ಳಾದ ಬಟ್ಟುಗಳು, ಒಂದು ಕಡೆ ಸದಾ ವಾಲುವ ತಕ್ಕಡಿ ಕೋಲುಗಳು. ಅದನ್ನು ಕಾಯುತ್ತಿದ್ದ ಹಿಂದಿನ ನೌಕರ ಬರಬರುತ್ತ ಆ ತಕ್ಕಡಿಗಳ ಜೊತೆ ಮಾತಾಡತೊಡಗಿದ್ದ. ನಿವೃತ್ತನಾಗುವ ಹೊತ್ತಿಗೆ ಅವು ಹೇಳಿದ್ದನ್ನು ಎದುರಿಗೆ ಸಿಕ್ಕವರಿಗೆಲ್ಲ ತಿಳಿಸುತ್ತಿದ್ದ. ಸಂಜೆ ತರಗತಿಯ ಓದು, ತಮ್ಮ ಕೈಯಾರೆ ಎಳೆದ ಒಂದೊಂದು ನೀಲಿ ಕೇಬಲ್ಲು, ತಂಪಾದ ಕೋಣೆ, ತೂಕದ ಹಲಗೆಯ ಮೇಲಿನ ಕುರ್ಚಿ, ಎಲ್ಲ ಕೈಬಿಟ್ಟು ಹೋಗುವುದರಲ್ಲಿತ್ತು. ಬಾಯಿ ಮಾತ್ರ ತನ್ನ ಪಾಡಿಗೆ “ಆಯ್ತು ಸಾರ್” ಎಂದಿತು.

ಹೊರಗಿನ ಕಂಪನಿ ಎಂದರೆ ಯಾರು ಎಂಬುದು ಅವತ್ತು ಸಂಜೆ ಮನೆಯಲ್ಲಿ ಗೊತ್ತಾಯಿತು. ಹೆಂಡತಿಯ ತಮ್ಮ, ಟೈ ಕಟ್ಟಿಕೊಂಡು, ಗಾಲಿ ಇರುವ ಚೀಲ ಎಳೆದುಕೊಂಡು ಊಟಕ್ಕೆ ಬಂದಿದ್ದ.

“ಭಾವ, ಬೇಜಾರು ಮಾಡ್ಕೋಬೇಡಿ. ಸೋಮವಾರ ನಿಮ್ಮ ಕಚೇರಿಗೆ ಬರ್ತಿರೋದು ನಾನೇ” ಎಂದ, ಎರಡನೇ ಸಲ ಬಡಿಸಿಕೊಳ್ಳುತ್ತ. “ಇದು ನಿಮಗೂ ಒಳ್ಳೇದೇ. ವಯಸ್ಸಾಯ್ತು. ಆರಾಮಾಗಿ ತಕ್ಕಡಿ ಕಾಯ್ಕೊಂಡು ಕೂತಿರಬಹುದು.”

“ತಕ್ಕಡಿಗೇನು ಕಾಲಿದೆಯೇನೋ, ಓಡಿಹೋಗೋಕೆ?” ಎಂದಳು ಅಕ್ಕ.

“ಹಾಗಲ್ಲಕ್ಕ, ಗೌರವವಾಗಿ…”

“ಗೌರವ ಇರಲಿ. ನಿನಗೆ ಮೌಸ್ ಹಿಡಿಯೋದು ಕಲಿಸಿದ್ದು ಯಾರು? ಇದೇ ಭಾವ. ಈಗ ಅವರ ಕುರ್ಚಿಗೇ ಕೈ ಹಾಕೋಕೆ ಬಂದಿದ್ದೀಯ. ನಿನ್ನ ಪ್ಯಾಂಟು ಹೊಲಿಯೋಳು ಇವತ್ತಿಗೂ ನಾನೇ ಅನ್ನೋದು ನೆನಪಿರಲಿ!”

ತಮ್ಮ ಗಟಗಟನೆ ನೀರು ಕುಡಿದ. ಅವನು ಹೋದ ಮೇಲೆ ಆಕೆ ಗಂಡನ ಕಡೆ ತಿರುಗಿದಳು. “ಅವನಿಗೆ ಬೈದೆ ಅಂತ ಖುಷಿ ಪಡಬೇಡಿ. ಅವನು ಬಾಯಿ ಬಿಟ್ಟು ಕೇಳ್ತಾನೆ, ನೀವು ಬಾಯಿ ಬಿಟ್ಟು ಕೊಡ್ತೀರಾ. ಒಂದ್ಸಲ ಆದ್ರೂ ಯಾರಿಗಾದ್ರೂ ‘ಆಗಲ್ಲ’ ಅಂದಿದ್ದೀರಾ?”

“ಅಂದಿದ್ದೀನಲ್ಲ.”

“ಯಾರಿಗೆ?”

ತಂತಿರಾಯರು ಬಹಳ ಹೊತ್ತು ಯೋಚಿಸಿ, “ಬಚ್ಚಲಮನೆ ಬಲ್ಬು ಹಾಕಿ ಅಂತ ನೀನು ಕೇಳಿದಾಗ” ಎಂದರು. ಆ ರಾತ್ರಿಯೂ ಬಚ್ಚಲಮನೆಯಲ್ಲಿ ಕತ್ತಲೇ.

ಮರುದಿನ ನಿರ್ದೇಶಕರು ತಮ್ಮ ಕಡೆಯಿಂದ ನ್ಯಾಯವಾಗಿ ನಡೆದುಕೊಂಡರು. ಇಂಟರ್ನೆಟ್ಟು ಯಾಕೆ ತಡವಾಗುತ್ತಿದೆ ಎಂದು ತಿಳಿಯಲು ‘ವಿಳಂಬ ವಿಚಾರಣಾ ಸಮಿತಿ’ ರಚಿಸಿದರು. ಅಧ್ಯಕ್ಷರು ತಾವೇ. ಸದಸ್ಯ ಕಾರ್ಯದರ್ಶಿ, ಇದೇ ಮೊದಲ ಬಾರಿಗೆ, ತಂತಿರಾಯರು.

ರಾಯರು ಕೆಳಗಿಳಿದು ಎಂದಿನಂತೆ ಹೊಸ ಗುಂಪು ಮಾಡಿದರು, ಸದಸ್ಯರ ಜೊತೆ ತಮ್ಮ ಹೆಸರನ್ನೂ ಸೇರಿಸಿದರು. ಎಲ್ಲ ಸಮಿತಿಗಳೂ ಸಮನ್ವಯ ಸಮಿತಿಯೊಳಗಿರಬೇಕೆಂಬ ನಿಯಮದಂತೆ ಈ ಹೊಸ ಡಬ್ಬಿಯನ್ನೂ ಅದರೊಳಗಿಟ್ಟರು. ಆ ದೊಡ್ಡ ಡಬ್ಬಿ ಮೊದಲಿನಿಂದಲೂ ಸಂತಾಪದ ಒಳಗೇ ಇತ್ತು. ಸಮಿತಿಯ ಸದಸ್ಯನಾದ ಸಣ್ಣ ಹೆಮ್ಮೆಯಲ್ಲಿ ಮುಳ್ಳು ಕೂಡ ಒಂದು ಗೆರೆ ಮೇಲೇರಿದಂತೆ ಅವರಿಗೆ ಕಂಡಿತು.

ಮಾರನೆಯ ಬೆಳಿಗ್ಗೆ ಬಂದು, ಕುರ್ಚಿಯಲ್ಲಿ ಕೂತು, ತಮ್ಮ ಹೆಸರು ಒತ್ತಿದರು.

ಚಕ್ರ ಬಂತು.

ರಾಯರು ಕಣ್ಣುಜ್ಜಿಕೊಂಡರು. ಚಕ್ರ ತಿರುಗಿತು. ‘ನಿಮ್ಮನ್ನು ಗುರುತಿಸಲಾಗುತ್ತಿದೆ.’ ತಾವೇ ಹೆತ್ತು ಸಾಕಿದ ಯಂತ್ರ! “ನಾನು ಕಣೋ” ಎಂದರು ಅದಕ್ಕೆ ಮೆಲ್ಲಗೆ. ಅದು ‘ದಯವಿಟ್ಟು ಕಾಯಿರಿ’ ಎಂದಿತು. ಕಡೆಗೆ ತಮಗೂ ಈ ಗತಿ ಬಂತಲ್ಲ, ಜಪ್ತಿ ಕೋಣೆಯ ತಕ್ಕಡಿಗಳ ಜೊತೆ ಏನು ಮಾತಾಡುವುದು, ಮೊದಲು ಯಾವುದರ ಪರಿಚಯ ಮಾಡಿಕೊಳ್ಳುವುದು ಎಂದೆಲ್ಲ ಯೋಚಿಸುತ್ತ ಕೂತವರಿಗೆ ಒಂದು ವಿಷಯ ಮಿಂಚಿನಂತೆ ಹೊಳೆಯಿತು. ನಿನ್ನೆ ಇದ್ದ ಕೇಬಲ್ಲೇ ಇವತ್ತೂ ಇದೆ. ನಿನ್ನೆಯ ಸರ್ವರೇ, ನಿನ್ನೆಯ ಕುರ್ಚಿಯೇ. ನಿನ್ನೆಗೂ ಇವತ್ತಿಗೂ ಬದಲಾದದ್ದು ಒಂದೇ: ತಾವು ಸಮಿತಿಯ ಸದಸ್ಯರಾಗಿದ್ದಾರೆ.

ಸಮಿತಿಯಿಂದ ತಮ್ಮ ಹೆಸರು ತೆಗೆದರು. ಲಾಗೌಟ್ ಆಗಿ, ಮತ್ತೆ ಹೆಸರು ಒತ್ತಿದರು. ಪುಟ ಚಂಗನೆ ತೆರೆಯಿತು. ಮತ್ತೆ ಸೇರಿಸಿದರು. ಚಕ್ರ! ತೆಗೆದರು. ಚಂಗ್! ರಾಯರು ಕುರ್ಚಿಯಿಂದೆದ್ದು ಹಲಗೆಯ ಮೇಲೆ ಕುಣಿದರು. ಬೆನ್ನ ಹಿಂದಿನ ಮುಳ್ಳು ಮಕ್ಕಳ ತೂಕದಿಂದ ಆನೆಮರಿಯ ತೂಕದವರೆಗೆ ಹಿಂದೆ ಮುಂದೆ ಓಡಾಡಿತು.

ಸಂಗತಿ ಇಷ್ಟೇ ಆಗಿತ್ತು. ಬಾಗಿಲಿನ ಯಂತ್ರ ಪ್ರತಿ ಸಲವೂ ‘ಇವರು ಯಾವ ಯಾವ ಸಮಿತಿಯವರು?’ ಎಂದು ಕೇಳುತ್ತಿತ್ತು. ನೆನಪಿನ ಯಂತ್ರ ಒಂದು ಡಬ್ಬಿ ಹಿಡಿದು, ಅದು ಇನ್ನು ಯಾವುದರಲ್ಲಿದೆ ಎಂದು ಹುಡುಕುತ್ತ ಹೊರಡುತ್ತಿತ್ತು. ಕಲ್ಯಾಣ ಸಂತಾಪದಲ್ಲಿ, ಸಂತಾಪ ಬೀಳ್ಕೊಡುಗೆಯಲ್ಲಿ, ಬೀಳ್ಕೊಡುಗೆ ಮತ್ತೆ ಕಲ್ಯಾಣದಲ್ಲಿ! ಸುತ್ತಿ ಸುತ್ತಿ, ಕಾಲು ಸೋತು, ‘ಸಾಕಪ್ಪಾ’ ಎನ್ನಿಸಿದ ಮೇಲೆ ಉತ್ತರ ಹೇಳುತ್ತಿತ್ತು. ಕಾವಲುಗಾರನನ್ನು ಯಾರೂ ಯಾವ ಸಮಿತಿಗೂ ಕರೆದಿರಲಿಲ್ಲ, ಅದಕ್ಕೇ ಅವನಿಗೆ ಮಳೆ ಬೇಗ ಬರುತ್ತಿತ್ತು. ನಿರ್ದೇಶಕರು ಎಲ್ಲದರ ಅಧ್ಯಕ್ಷರು.

ರಾಯರು ಮೂರು ಮೂರು ಮೆಟ್ಟಿಲು ಹಾರಿ ಮೇಲೆ ಹೋಗಿ ಎಲ್ಲ ವಿವರಿಸಿದರು. ನಿರ್ದೇಶಕರು ಗಂಭೀರವಾಗಿ ಕೇಳಿ, “ಅಂದ್ರೆ ನನ್ನ ಸಮಿತಿಗಳೇ ತಪ್ಪು ಅಂತೀರಾ?” ಎಂದರು.

“ತಪ್ಪಲ್ಲ ಸಾರ್. ಒಂದರೊಳಗೆ ಒಂದು ಇಟ್ಟೋನು ನಾನೇ. ಒಂದೆರಡು ಮುಚ್ಚಿದ್ರೆ…”

“ಯಾವುದು ಮುಚ್ಚೋದು? ಸಂತಾಪ ಮುಚ್ತೀನಿ, ನಾಳೆ ಯಾರಾದ್ರೂ ಹೋದ್ರೆ? ಬೀಳ್ಕೊಡುಗೆ ಮುಚ್ತೀನಿ, ಯಾರೂ ಹೋಗದೇ ಇದ್ರೆ? ಸ್ವಂತ ಕುರ್ಚಿ ಉಳಿಸ್ಕೊಳ್ಳೋಕೆ ನನ್ನ ಸಮಿತಿಗಳ ಮೇಲೆ ಹಾಕಬೇಡಿ ರಾಯರೇ. ಸೋಮವಾರ ನೋಡೋಣ.”

ಬಾಗಿಲ ಹೊರಗೆ ಬಂದ ಮೇಲೆ ರಾಯರಿಗೆ ನೆನಪಾಯಿತು: ಈ ಸಲ ‘ಆಯ್ತು ಸಾರ್’ ಎನ್ನುವುದು ಮರೆತೇ ಹೋಗಿತ್ತು.

ಸೋಮವಾರ ಭಾವಮೈದ ಗಾಲಿ ಚೀಲ ಎಳೆದುಕೊಂಡು ನಿರ್ದೇಶಕರ ಕೋಣೆಗೆ ಬಂದ. ಲೆಕ್ಕಪತ್ರದ ಮೇಡಂ ಸೇರಿದಂತೆ ಕಚೇರಿಯ ಹಿರಿಯರೆಲ್ಲ ಸುತ್ತ ನಿಂತರು. ಅತಿಥಿಗೆಂದು ರಾಯರೇ ಒಂದು ಹೊಸ ಹೆಸರು, ಪಾಸ್‌ವರ್ಡು ಮಾಡಿಕೊಟ್ಟಿದ್ದರು. ಅವನು ನಿರ್ದೇಶಕರ ಕಂಪ್ಯೂಟರಿನ ಮುಂದೆ ಕೂತು, ಏನೇನೋ ಟಕಟಕ ಒತ್ತಿ, ಬೆರಳು ಮುರಿದುಕೊಂಡು, ಅತಿಥಿಯ ಹೆಸರು ಹಾಕಿದ. ಪುಟ ಚಂಗನೆ ತೆರೆಯಿತು. ಇನ್ನೊಂದು ತೆರೆದ, ಮತ್ತೊಂದು ತೆರೆದ. ಕೋಣೆಯಲ್ಲಿ ನಿಟ್ಟುಸಿರುಗಳು ಎದ್ದವು.

“ನೋಡಿ ಸಾರ್. ನಾನು ಕೂತಿದ್ದಷ್ಟೇ” ಎಂದ ಭಾವಮೈದ. ಕಣ್ಣಂಚಿನಲ್ಲಿ ಭಾವನನ್ನು ನೋಡಿ ಕನಿಕರ ಸೂಸಿದ.

“ಭೇಷ್!” ಎಂದರು ನಿರ್ದೇಶಕರು. “ನೋಡಿದ್ರಾ ರಾಯರೇ, ಕೆಲಸ ಅಂದ್ರೆ ಇದು.”

ತಂತಿರಾಯರು ಕೈಮುಗಿಯುವಷ್ಟು ವಿನಯದಿಂದ ಮುಂದೆ ಬಂದರು. “ಅದ್ಭುತ ಸಾರ್. ಇಂಥವರನ್ನ ಹೊರಗಿನವರ ಹಾಗೆ ಕೂರಿಸೋದು ನಮ್ಮ ಕಚೇರಿಗೆ ಶೋಭೆಯಲ್ಲ. ವಿಚಾರಣಾ ಸಮಿತಿಗೆ ವಿಶೇಷ ಆಹ್ವಾನಿತರಾಗಿ ಸೇರಿಸ್ಕೊಂಡ್ರೆ…?”

ಸಮಿತಿ ಎಂಬ ಶಬ್ದ ಕಿವಿಗೆ ಬಿದ್ದೊಡನೆ ನಿರ್ದೇಶಕರ ಮುಖ ಅರಳಿತು. “ಒಳ್ಳೇ ಮಾತು! ವಿಚಾರಣೆಗೆ ಮಾತ್ರ ಯಾಕೆ? ಕಲ್ಯಾಣಕ್ಕೂ ಸೇರಿಸಿ, ಸಮನ್ವಯಕ್ಕೂ ಸೇರಿಸಿ. ಈಗಲೇ ಮಾಡಿ!”

“ಆಯ್ತು ಸಾರ್!” ಇಡೀ ಸೇವಾವಧಿಯಲ್ಲಿ ರಾಯರು ಆ ಮಾತನ್ನು ಇಷ್ಟು ಸಂತೋಷದಿಂದ ಹೇಳಿರಲಿಲ್ಲ. ಪಕ್ಕದ ಮೇಜಿನ ಕಂಪ್ಯೂಟರಿನಿಂದ ಅಲ್ಲೇ ಸೇರಿಸಿದರು. “ಈಗ ಒಂದ್ಸಲ ಹೊರಗೆ ಬಂದು ಒಳಗೆ ಹೋಗಪ್ಪಾ” ಎಂದರು ಭಾವಮೈದನಿಗೆ.

ಅವನು ನಗುತ್ತ ಹೆಸರು ಒತ್ತಿದ. ಚಕ್ರ ಬಂತು. ನಗು ಹಾಗೇ ನಿಂತಿತು. ಚಕ್ರ ತಿರುಗಿತು. ಟೈ ಸಡಿಲ ಮಾಡಿಕೊಂಡ. ಮೇಜಿನಡಿ ಬಗ್ಗಿ ಕೇಬಲ್ಲು ಅಲ್ಲಾಡಿಸಿದ. “ಏನೋ… ನೆಟ್‌ವರ್ಕಲ್ಲಿ ಯಾರೋ ದೊಡ್ಡ ಫೈಲು…” ಎಂದ. ಲೆಕ್ಕಪತ್ರದ ಮೇಡಂ ಅಭ್ಯಾಸಬಲದಿಂದ ಚೀಲದಿಂದ ಉಣ್ಣೆ ತೆಗೆದರು.

“ಹೋಯ್ತಲ್ಲ! ಏನ್ ಮಾಡಿದ್ರಿ ಅವರಿಗೆ?” ನಿರ್ದೇಶಕರು ರಾಯರ ಮೇಲೆ ಹರಿಹಾಯ್ದರು.

“ಗೌರವಿಸಿದೆ ಸಾರ್, ಅಷ್ಟೇ. ಈಗ ಗೌರವ ವಾಪಸ್ ತಗೋತೀನಿ, ನೋಡಿ.” ತೆಗೆದರು. ಭಾವಮೈದ ಮತ್ತೆ ಒತ್ತಿದ. ಚಂಗ್! “ಮತ್ತೆ ಕೊಡ್ತೀನಿ.” ಚಕ್ರ. “ಮತ್ತೆ ತಗೋತೀನಿ.” ಚಂಗ್!

“ಭಾವ, ಸಾಕು” ಎಂದ ಭಾವಮೈದ ಕುರ್ಚಿಯಿಂದೆದ್ದು, ದಯನೀಯವಾಗಿ. “ನನ್ನನ್ನ ಹೊರಗೇ ಇಡಿ.”

ನಿರ್ದೇಶಕರು ತಮ್ಮ ಕುರ್ಚಿಯಲ್ಲಿ ನಿಧಾನವಾಗಿ ಕೂತರು. ಸಾಕಿದ ಮಕ್ಕಳೇ ಬೀದಿಯಲ್ಲಿ ಕಲ್ಲು ಹೊಡೆದರೆಂದು ಕೇಳಿದ ತಂದೆಯ ಮುಖ.

“ಏನೇ ಆದ್ರೂ ಒಂದು ಸಮಿತಿನೂ ಮುಚ್ಚಲ್ಲ” ಎಂದರು.

“ಮುಚ್ಚೋದು ಬೇಡ ಸಾರ್. ಎಲ್ಲಾ ಇರಲಿ, ಸಭೆ ನಡೀಲಿ. ಬಾಗಿಲಲ್ಲಿ ಮಾತ್ರ ಅದನ್ನ ಕೇಳೋದು ಬೇಡ. ‘ಈ ಕಚೇರಿಯವರಾ?’ ಅಂತ ಒಂದೇ ಪ್ರಶ್ನೆ. ಹೌದು ಅಂದ್ರೆ ಒಳಗೆ. ಕಚೇರಿಗೆ ಬೇಕಾದ ಪುಟಗಳು ಎಲ್ಲರಿಗೂ.”

“ಅಂದ್ರೆ… ನನಗೂ ಗೇಟಿನವನಿಗೂ ಒಂದೇ ಪ್ರಶ್ನೆನಾ?”

ಎಲ್ಲರೂ ತಂತಿರಾಯರನ್ನು ನೋಡಿದರು. ‘ಇಲ್ಲ ಸಾರ್, ನಿಮಗೆ ಬೇರೆ ಮಾಡ್ತೀನಿ’ ಎಂಬ ಮಾತು ಅವರ ಗಂಟಲಿನವರೆಗೆ ಬಂದಿತ್ತು. ಅಲ್ಲಿಂದ ಇನ್ನೊಂದು ಡಬ್ಬಿ ಶುರುವಾಗುತ್ತದೆ ಎಂಬುದೂ ಗೊತ್ತಿತ್ತು. ಜಪ್ತಿ ಕೋಣೆಯಲ್ಲಿ ಒಂದು ಕಡೆಗೇ ವಾಲುವ ತಕ್ಕಡಿಗಳು ಕಣ್ಣ ಮುಂದೆ ಬಂದವು.

“ಬೇರೆ ಮಾಡೋಕೆ ಆಗಲ್ಲ ಸಾರ್” ಎಂದರು. “ಒಂದೇ.”

ನಿರ್ದೇಶಕರು ತೋಯ್ದು ಒಣಗಿದ ಫೈಲುಗಳನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, “ಮಾಡಿ ತೋರ್ಸಿ” ಎಂದರು.

ರಾಯರು ಕೆಳಗೆ ಹೋಗಿ ಬಂದರು. ನಿರ್ದೇಶಕರು ತಮ್ಮದೇ ಹೆಸರು ಒತ್ತಿ, ಯಾರಿಗೂ ಕಾಣದಂತೆ ಪರದೆ ಸ್ವಲ್ಪ ತಿರುಗಿಸಿಕೊಂಡು ಒಂದು ಪುಟ ತೆರೆದರು. ಒಮ್ಮೆ ಓದಿದರು, ಮತ್ತೊಮ್ಮೆ ಓದಿದರು. ಥಟ್ಟನೆ ಎದ್ದು ಹೋಗಿ ಕಿಟಕಿಯ ಬಾಗಿಲು ಎಳೆದು ಚಿಲಕ ಹಾಕಿದರು. ಹೊರಗೆ ಬಿಸಿಲಿತ್ತು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟರಲ್ಲಿ ಮೋಡ ಕವಿದು, ಮೊದಲ ಹನಿಗಳು ಮುಚ್ಚಿದ ಗಾಜಿಗೆ ಪಟಪಟ ಬಡಿದವು. ಒಂದು ಹನಿಯೂ ಫೈಲುಗಳ ಮೇಲೆ ಬೀಳಲಿಲ್ಲ.

“ಹ್ಞೂಂ” ಎಂದರು ನಿರ್ದೇಶಕರು, ಮಳೆಯನ್ನು ಸ್ವತಃ ಮಂಜೂರು ಮಾಡಿದವರ ಗತ್ತಿನಲ್ಲಿ. “ನೀವು ಕೆಳಗೇ ಇರಿ ರಾಯರೇ. ಜಪ್ತಿ ಕೋಣೆಗೆ ಬೇರೆ ಯಾರನ್ನಾದ್ರೂ ನೋಡೋಣ. ಅದಕ್ಕೊಂದು ಸಮಿತಿ ಮಾಡ್ತೀನಿ.”

ಭಾವಮೈದ ಅವತ್ತು ಗಾಲಿ ಚೀಲವನ್ನು ಮಳೆಯಲ್ಲೇ ಎಳೆದುಕೊಂಡು ಹೋದ. ಮುಂದಿನ ಸಲ ಊಟಕ್ಕೆ ಬಂದಾಗ, “ಆ ಡಬ್ಬಿಗಳ ವಿಷಯ ನನಗೂ ಸ್ವಲ್ಪ ಹೇಳ್ಕೊಡಿ ಭಾವ, ನಮ್ಮ ಇನ್ನೊಂದು ಗಿರಾಕಿ ಹತ್ರ ಹೀಗೇ ಆಗಿದೆ” ಎಂದು ಮೆಲ್ಲಗೆ ಕೇಳಿದ. “ಮೊದಲು ಬಚ್ಚಲಮನೆ ಬಲ್ಬು ಹಾಕು, ಆಮೇಲೆ ಹೇಳ್ಕೊಡ್ತಾರೆ” ಎಂದಳು ಅಕ್ಕ. ಬಲ್ಬು ಬಂತು.

ವಿಳಂಬ ವಿಚಾರಣಾ ಸಮಿತಿ ಈಗಲೂ ತಿಂಗಳಿಗೊಮ್ಮೆ ಸೇರುತ್ತದೆ. ವಿಳಂಬವೇ ಇಲ್ಲದ್ದರಿಂದ ಸಭೆ ಬೇಗ ಮುಗಿಯುತ್ತದೆ, ಬೇಗ ಮುಗಿಯುವುದಕ್ಕೆ ಕಾರಣವೇನೆಂದು ಮುಂದಿನ ಸಭೆಯಲ್ಲಿ ಚರ್ಚಿಸಲು ನಿರ್ಧಾರವಾಗುತ್ತದೆ. ಸದಸ್ಯ ಕಾರ್ಯದರ್ಶಿಗಳು ಎಲ್ಲದಕ್ಕೂ ‘ಆಯ್ತು ಸಾರ್’ ಎನ್ನುತ್ತಾರೆ.

ಕಚೇರಿಯಲ್ಲಿ ಒಬ್ಬರಿಗೆ ಮಾತ್ರ ಈ ವಿಜಯದಿಂದ ನಷ್ಟವಾಯಿತು. ಲೆಕ್ಕಪತ್ರದ ಮೇಡಂಗೆ ಹೆಣೆಯಲು ಹೊತ್ತೇ ಸಿಗದಾಯಿತು. ಹೆಸರು ಒತ್ತಿ ಕಡ್ಡಿಗೆ ಕೈ ಹಾಕುವಷ್ಟರಲ್ಲಿ ಪುಟ ತೆರೆದುಕೊಂಡು ಕೆಲಸ ಮಾಡು ಎನ್ನುತ್ತಿತ್ತು. ಸ್ವೆಟರಿನ ಬಲತೋಳು ಬೆರಳ ತುದಿಯವರೆಗೆ, ಎಡತೋಳು ಮೊಣಕೈವರೆಗೆ ಬಂದು ನಿಂತುಹೋಯಿತು. ಅಳತೆ-ತೂಕದ ಕಚೇರಿಯಲ್ಲಿ ಕೂತು ಹೆಣೆದ ವಸ್ತು ಇದು ಎಂದು ಗಂಡನಿಗೆ ತೋರಿಸಲು ಅವರಿಗೆ ಮುಖವಿರಲಿಲ್ಲ. ಒಂದು ಬೆಳಿಗ್ಗೆ ನೆಲಮಾಳಿಗೆಗೆ ಇಳಿದು ಬಂದು ಅದನ್ನು ರಾಯರ ಮೇಜಿನ ಮೇಲೆ ಹಾಕಿದರು.

“ನಿಲ್ಸಿದೋರು ನೀವು, ಹಾಕ್ಕೊಳ್ಳೋರೂ ನೀವೇ.”

ತಂತಿರಾಯರು ಅದನ್ನು ಈಗ ದಿನವೂ ಹಾಕಿಕೊಳ್ಳುತ್ತಾರೆ. ಸರ್ವರ್ ಕೋಣೆ ತಂಪು. ಬಲಗೈ ಬೆಚ್ಚಗಿರುತ್ತದೆ, ಎಡಗೈಯನ್ನು ಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆ. ಹಿಂದಿನ ಮುಳ್ಳು ಒಂದೂವರೆ ತೋಳಿನಷ್ಟು ಉಣ್ಣೆಯ ಭಾರವನ್ನು ಸೇರಿಸಿ ತೋರಿಸುತ್ತದೆ ಎಂದು ಹೇಳುವವರಿದ್ದಾರೆ. ಅದೂ ಉತ್ಪ್ರೇಕ್ಷೆಯೇ.